ಬಯಾಪ್ಸಿ ವರದಿಯಲ್ಲಿ ‘ಲಂಬ ಬೆಳವಣಿಗೆ’ ಎಂದರೇನು?

ಪ್ರಶ್ನೆ, ಹಾವೇರಿಯಿಂದ:
ನಮ್ಮ ತಂದೆಯವರ ಹಿಮ್ಮಡಿಯಲ್ಲಿದ್ದ ಕಪ್ಪು ಮಚ್ಚೆಯನ್ನು, ಹೊಲದಲ್ಲಿ ಜಾಲಿಮುಳ್ಳು ಚುಚ್ಚಿದ ಕಲೆಯೆಂದು ತಿಳಿದು ಎರಡು ವರ್ಷ ಕಡೆಗಣಿಸಿದೆವು. ಹುಬ್ಬಳ್ಳಿಯಲ್ಲಿ ಮಾಡಿಸಿದ ಬಯಾಪ್ಸಿಯಲ್ಲಿ ‘ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್), ಲಂಬ ಬೆಳವಣಿಗೆಯ ಹಂತ, ದಪ್ಪ 1.8 ಮಿ.ಮೀ., ಹುಣ್ಣಿಲ್ಲ’ ಎಂದಿದೆ. ಅಗಲಕ್ಕಿಂತ ಆಳವೇ ಮುಖ್ಯವೆಂದು ವೈದ್ಯರು ಹೇಳಿದರು. ಅದೇಕೆ?

ಉತ್ತರ, ಧಾರವಾಡದಿಂದ:
ನಾನು ಪ್ರಯೋಗಾಲಯದಲ್ಲಿ ಇಂಥ ಸ್ಲೈಡುಗಳನ್ನು ನೋಡುವವಳು. ಸಾಮಾನ್ಯವಾಗಿ ಮೆಲನೋಮಾ ಮೊದಲು ಚರ್ಮದ ಮೇಲ್ಪದರದಲ್ಲಿ, ನೀರಿನ ಮೇಲೆ ಎಣ್ಣೆ ಹರಡಿದಂತೆ ಅಡ್ಡಲಾಗಿ ಹಬ್ಬುತ್ತದೆ. ಆ ಪದರದಲ್ಲಿ ರಕ್ತನಾಳಗಳೇ ಇಲ್ಲದ ಕಾರಣ, ಆಗಲೇ ಕತ್ತರಿಸಿ ತೆಗೆದರೆ ಬಹುತೇಕ ಗುಣವಾಗುತ್ತದೆ. ಕೋಶಗಳು ಗುಂಪುಗಟ್ಟಿ ಕೆಳಗಿಳಿಯತೊಡಗುವುದೇ ‘ಲಂಬ ಬೆಳವಣಿಗೆ’; ಆಗ ಅವುಗಳಿಗೆ ದೇಹದ ಬೇರೆಡೆ ಹರಡಲು ರಕ್ತನಾಳ, ದುಗ್ಧರಸನಾಳಗಳ ದಾರಿ ಸಿಗುತ್ತದೆ. 1970ರಲ್ಲಿ ಅಲೆಕ್ಸಾಂಡರ್ ಬ್ರೆಸ್ಲೋ ಪ್ರತಿಪಾದಿಸಿದ, ಗೆಡ್ಡೆ ಎಷ್ಟು ಆಳಕ್ಕಿಳಿದಿದೆ ಎಂಬ ಅಳತೆಯೇ ನಿಮ್ಮ ವರದಿಯ ಈ ದಪ್ಪ. 1 ಮಿ.ಮೀ. ಮೀರಿ 2ರವರೆಗಿದ್ದು ಹುಣ್ಣಿಲ್ಲದಿದ್ದರೆ ಅದು ಗೆಡ್ಡೆಯ ದಪ್ಪವನ್ನು ಆಧರಿಸಿದ ವರ್ಗಗಳಲ್ಲಿ ‘ಟಿ2ಎ’, 4 ಮಿ.ಮೀ. ಮೀರಿದ ಗೆಡ್ಡೆಗಿಂತ ಎಷ್ಟೋ ವಾಸಿ. ತೊಡೆಸಂದಿನ ಕಾವಲು ಗ್ರಂಥಿಯ (ಹರಡುವ ಕೋಶಗಳು ಮೊದಲು ತಲುಪುವ ದುಗ್ಧರಸ ಗ್ರಂಥಿಯ) ಪರೀಕ್ಷೆಯ ಬಗ್ಗೆ ತಪ್ಪದೇ ಕೇಳಿರಿ.

ಉತ್ತರ, ಗದಗಿನಿಂದ:
ನಮ್ಮ ಅತ್ತೆಯವರ ಮೂಗಿನ ಮೇಲೆ ಬೇಸಲ್ ಸೆಲ್ ಕ್ಯಾನ್ಸರ್ ಎಂಬ ಇನ್ನೊಂದು ಬಗೆಯ ಚರ್ಮದ ಕ್ಯಾನ್ಸರ್ ಆಗಿತ್ತು. ಅದು ದೂರಕ್ಕೆ ಹರಡುವುದು ತೀರ ಅಪರೂಪ. ಆದರೆ ದುಂಡಗೆ ಬೆಳೆಯದೆ ಕರಿಕೆಯ ಬೇರಿನಂತೆ ಎಳೆಎಳೆಯಾಗಿ ನುಗ್ಗುವ ಬಗೆಯಾಗಿದ್ದರಿಂದ ಮರುಕಳಿಸುವ ಭಯ ಹೆಚ್ಚೆಂದು ಹೇಳಿ, ಗೆಡ್ಡೆಯ ಸುತ್ತಲಿನ ಚರ್ಮದ ಅಂಚನ್ನೂ ಅಗಲವಾಗಿ ತೆಗೆದರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಸೋಮವಾರ ಶಸ್ತ್ರವೈದ್ಯರ ಬಳಿ ಹೋದಾಗ ಗ್ರಂಥಿಯ ಪರೀಕ್ಷೆಯ ಜೊತೆಗೆ ಅಂಚಿನ ಅಳತೆಯನ್ನೂ ಕೇಳುತ್ತೇನೆ.