ಪದಚರ್ಚೆ: ‘ಪೊಲಿಟಿಕಲಿ ಕರೆಕ್ಟ್’ ಅನ್ನೋದಕ್ಕೆ ‘ರಾಜಕೀಯವಾಗಿ ಸರಿ’ ಸಾಕಾ?

ಗೆಳೆಯರೇ,

ಒಂದು ವಾಕ್ಯದ ಮುಂದೆ ಒಂದು ವಾರದಿಂದ ಕೂತಿದ್ದೇನೆ. ಚುನಾವಣಾ ಭಾಷಣಗಳ ಬಗೆಗಿನ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬ ಅಭ್ಯರ್ಥಿ ಮೈಕ್ ಹಿಡಿದು, ‘ನಾನು ಪೊಲಿಟಿಕಲಿ ಕರೆಕ್ಟ್ ಆಗಿ ಮಾತಾಡೋನಲ್ಲ’ ಅನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ನಾನು ‘ರಾಜಕೀಯವಾಗಿ ಸರಿಯಾಗಿ ಮಾತಾಡುವವನಲ್ಲ’ ಎಂದು ಬರೆದು ಇಬ್ಬರಿಗೆ ಓದಲು ಕೊಟ್ಟೆ. ಒಬ್ಬರು, ‘ಪಾಪ, ರಾಜಕೀಯದ ಪಟ್ಟು ಗೊತ್ತಿಲ್ಲದವನಾ?’ ಎಂದು ಕೇಳಿದರು. ಇನ್ನೊಬ್ಬರು, ‘ವೋಟಿಗಾಗಿ ಮಾತು ತಿರುಚೋನಲ್ಲ ಅಂತ ತಾನೆ?’ ಎಂದರು. ಮೂಲದಲ್ಲಿ ಈ ಎರಡೂ ಇಲ್ಲ. ‘ಯಾರಿಗೆ ಚುಚ್ಚುತ್ತೆ ಅಂತ ನೋಡಿಕೊಂಡು ಮಾತಾಡೋನಲ್ಲ’ ಅನ್ನೋದು ಅವನ ಮಾತಿನ ಅರ್ಥ.

ತೊಡಕು ಇರೋದು ‘ರಾಜಕೀಯ’ ಅನ್ನೋ ಪದದಲ್ಲೇ. ‘ಇದರಲ್ಲಿ ರಾಜಕೀಯ ಬೇಡ’, ‘ಅಲ್ಲಿ ಬರೀ ರಾಜಕೀಯ’ ಅನ್ನುವಾಗ ನಮ್ಮ ಕಿವಿಗೆ ಬೀಳುವುದು ಒಳಸಂಚು, ಲಾಭದ ಲೆಕ್ಕ. ಒಂದು ಪಕ್ಷ ಮೈತ್ರಿ ಮುರಿದದ್ದನ್ನು ‘ರಾಜಕೀಯವಾಗಿ ಸರಿಯಾದ ನಡೆ’ ಅಂದರೆ ಯಾರಿಗೂ ಗೊಂದಲವಿಲ್ಲ. ಲೆಕ್ಕ ಕೂಡಿಬಂತು ಅಂತ ಅರ್ಥ. ಅದೇ ಪದಗಳನ್ನು ಮಾತಿನ ಎಚ್ಚರಕ್ಕೆ ಅಂಟಿಸಿದರೆ, ಎಚ್ಚರದಿಂದ ಮಾತಾಡುವವರೆಲ್ಲ ಲೆಕ್ಕಾಚಾರದವರು ಅನ್ನೋ ಗುಮಾನಿ ತಾನಾಗಿಯೇ ಬಂದುಬಿಡುತ್ತದೆ.

ಇಂಗ್ಲಿಷಿನಲ್ಲೂ ಈ ಪದಕ್ಕೆ ಒಂದೇ ಅರ್ಥ ಇದ್ದದ್ದಿಲ್ಲ. 1793ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜೇಮ್ಸ್ ವಿಲ್ಸನ್ ಒಂದು ತೀರ್ಪಿನಲ್ಲಿ ಇದನ್ನು ಬಳಸಿದ್ದಾರೆ. ಔತಣಗಳಲ್ಲಿ ಜನ ‘ಅಮೆರಿಕ ಸಂಯುಕ್ತ ಸಂಸ್ಥಾನ’ದ ಹೆಸರಲ್ಲಿ ಬಟ್ಟಲು ಎತ್ತುತ್ತಾರೆ, ‘ಅಮೆರಿಕ ಸಂಯುಕ್ತ ಸಂಸ್ಥಾನದ ಜನ’ ಅನ್ನುವುದಿಲ್ಲ, ಇದು ಸರಿಯಲ್ಲ ಅನ್ನೋದು ಅವರ ತಕರಾರು. ಅಧಿಕಾರ ಜನರದ್ದು, ಹಾಗಾಗಿ ಜನರ ಹೆಸರೇ ಬರಬೇಕು ಎಂಬ ಅರ್ಥ. ಅಲ್ಲಿಗೆ ‘ರಾಜಕೀಯವಾಗಿ ಸರಿ’ ಅಚ್ಚುಕಟ್ಟಾಗಿ ಕೂರುತ್ತದೆ. ಆಮೇಲೆ ಎಡಪಂಥೀಯರು ಪಕ್ಷದ ನಿಲುವಿಗೆ ತಕ್ಕ ಮಾತಿಗೆ ಹೀಗೆ ಅಂದರು. 1970ರ ದಶಕದ ಹೊತ್ತಿಗೆ ತಮ್ಮಲ್ಲೇ ಒಬ್ಬರನ್ನೊಬ್ಬರು ಛೇಡಿಸಲೂ ಬಳಸಿದರು. 1990ರ ಹೊತ್ತಿಗೆ ಅದು ಎದುರು ಪಾಳಯದವರ ಕೈಗೆ ಹೋಯಿತು. 1991ರ ಮೇ 4ರಂದು ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಮಿಷಿಗನ್ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಇದರ ಬಗ್ಗೆ ಮಾತಾಡಿದರು. ಇದರ ಹಿಂದಿನ ಆಸೆ ಒಳ್ಳೆಯದೇ, ಆದರೆ ಹಳೆಯ ಪೂರ್ವಗ್ರಹದ ಜಾಗಕ್ಕೆ ಹೊಸದು ಬರುತ್ತಿದೆ, ಕೆಲವು ವಿಷಯ ಎತ್ತಲೇಬಾರದು ಅನ್ನುವಂತಾಗಿದೆ ಎಂಬುದು ಅವರ ದೂರು. ಅಲ್ಲಿಂದೀಚೆಗೆ ತನ್ನನ್ನು ತಾನೇ ‘ನಾನು ಪೊಲಿಟಿಕಲಿ ಕರೆಕ್ಟ್’ ಎಂದು ಹೇಳಿಕೊಳ್ಳುವವರು ಕಡಿಮೆ. ಇನ್ನೊಬ್ಬರ ಮೇಲೆ ಎಸೆಯುವವರೇ ಜಾಸ್ತಿ.

ಗೆಳೆಯರೊಬ್ಬರು ‘ಮಾತಿನ ಮಡಿವಂತಿಕೆ’ ಎಂದು ಸೂಚಿಸಿದರು. ಕೇಳಿದ ತಕ್ಷಣ ಇಷ್ಟವಾಯಿತು. ಅತಿ ಶುದ್ಧಿ, ಮುಟ್ಟಿದರೆ ಮೈಲಿಗೆ ಅನ್ನೋ ಭಾವ, ಚುಚ್ಚುವ ಧಾಟಿ, ಎಲ್ಲವೂ ಒಂದೇ ಪದದಲ್ಲಿ ಬಂದಿದೆ. ರಾತ್ರಿ ಮತ್ತೆ ಓದಿದಾಗ ಮನಸ್ಸು ಒಪ್ಪಲಿಲ್ಲ. ಮಡಿ ಅನ್ನೋದು ಜನರನ್ನು ದೂರ ಇಟ್ಟ ಪದ. ‘ಅತ್ತ ಸರಿ’ ಅನ್ನಿಸಿಕೊಂಡವರು ಈಗ ‘ನಮ್ಮನ್ನು ಹಾಗೆ ಕರೆಯಬೇಡಿ’ ಅಂದರೆ, ಆ ಮಾತನ್ನೇ ಮಡಿ ಅಂತ ಹಂಗಿಸಿದಂತಾಗುತ್ತದೆ. ಅಭ್ಯರ್ಥಿಯ ಬಾಯಲ್ಲಿ, ಉದ್ಧರಣ ಚಿಹ್ನೆಯ ಒಳಗೆ ಇರಲಿ. ಅದು ಅವನ ಧಾಟಿ, ನಾನು ಮೆತ್ತಗೆ ಮಾಡಬಾರದು. ಆದರೆ ಪದಕೋಶದಲ್ಲಿ ಅರ್ಥ ಅಂತ ಕೊಡಲು ನನಗೆ ಕೈ ಬರುತ್ತಿಲ್ಲ.

‘ಸೌಜನ್ಯ’ವೂ ಸಾಲದು. ಅದು ಎದುರಿಗೆ ಕೂತವರಿಗೆ ತೋರಿಸುವಂಥದ್ದು. ಇಲ್ಲಿರೋದು ಎದುರಿಗೆ ಇಲ್ಲದವರ ಬಗೆಗಿನ ಎಚ್ಚರ. ‘ಸೌಮ್ಯೋಕ್ತಿ’ಯನ್ನಂತೂ ಇದರ ಜೊತೆ ಬೆರೆಸಲೇಬಾರದು. ಬೆಲೆ ಏರಿಸಿ ‘ದರ ಪರಿಷ್ಕರಣೆ’ ಅನ್ನೋದು, ಮನೆ ಕೆಡವಿ ‘ತೆರವು ಕಾರ್ಯಾಚರಣೆ’ ಅನ್ನೋದು ಉಳ್ಳವರು ತಮ್ಮ ಕೆಲಸ ಮರೆಮಾಚುವ ಮಾತು. ಪೆಟ್ಟು ತಿಂದವರ ಮೇಲೆ ಇನ್ನೊಂದು ಪೆಟ್ಟು ಬೀಳದಿರಲಿ ಅನ್ನೋ ಮಾತು ಬೇರೆ.

ನನ್ನ ಸದ್ಯದ ಪದ ‘ನುಡಿಯೆಚ್ಚರ’. ಇದರ ಬಗ್ಗೆಯೂ ನನಗೆ ಒಂದು ಅಂಜಿಕೆ ಇದೆ. ಹಿಂದೆ ಒಂದು ಸಭೆಯಲ್ಲಿ ಹಿರಿಯರೊಬ್ಬರು ತಮ್ಮ ಪರಿಚಯ ಹೇಳುತ್ತಾ ‘ನಾನು ಕುಂಟ’ ಎಂದರು. ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲು ಸೊರಗಿತ್ತು. ಮುಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಸರ್, ಹಾಗನ್ನಬಾರದು, ವಿಕಲಚೇತನ ಅನ್ನಬೇಕು’ ಎಂದ. ಅವರು ಊರುಗೋಲನ್ನು ಕುರ್ಚಿಗೆ ಒರಗಿಸಿ ಹೇಳಿದರು: ‘ಮಗಾ, ನೀನು ನನ್ನನ್ನ ಹಾಗೆ ಕರೀಬೇಡ, ಸಂತೋಷ. ಕಾಲು ನಂದು, ನಾನು ಕರ್ಕೋತೀನಿ. ಊನ ಇರೋದು ಕಾಲಿಗೆ, ಚೇತನಕ್ಕಲ್ಲ.’ ನಾನು ಆವತ್ತಿನವರೆಗೂ ‘ವಿಕಲಚೇತನ’ವನ್ನು ಬಿಡಿಸಿ ನೋಡಿರಲಿಲ್ಲ. ‘ಅಂಗವಿಕಲ’ದಲ್ಲಿ ಅಂಗದಲ್ಲಿದ್ದ ಊನ ಇಲ್ಲಿ ಚೇತನಕ್ಕೇ ಏರಿಬಿಟ್ಟಿದೆ, ಅಲ್ವಾ? ಗೌರವ ಕೊಡಲು ಕಟ್ಟಿದ ಪದವೇ ಹೀಗಾಯಿತು.

ಹಾಗಾಗಿ ನನಗೆ ಬೇಕಾದ ಪದದಲ್ಲಿ ಅಪ್ಪಣೆಯ ದನಿ ಇರಬಾರದು. ‘ಹಾಗೆ ಕರೆಯಬೇಡ’ ಅನ್ನೋದಕ್ಕೂ ‘ಮಾತಾಡಲೇಬೇಡ’ ಅನ್ನೋದಕ್ಕೂ ನಡುವೆ ಇರುವ ಜಾಗ ಅದರಲ್ಲಿ ಉಳಿಯಬೇಕು. ಮೈಕ್ ಹಿಡಿದವನು ಟೀಕೆ ಬಂದ ಕೂಡಲೇ ‘ನನ್ನ ಬಾಯಿ ಮುಚ್ಚಿಸ್ತಿದ್ದಾರೆ’ ಅನ್ನುತ್ತಾನೆ. ಟೀಕೆಯೂ ಮಾತೇ. ಅದಕ್ಕೂ ಅಷ್ಟೇ ಸ್ವಾತಂತ್ರ್ಯ ಇದೆ. ಆದರೆ ಒಂದು ಪದ ತಪ್ಪಿ ಬಂತು ಅಂತ ಕೇಸು, ಜೈಲು ಅಂದರೆ ಅದು ನಿಜಕ್ಕೂ ಬಾಯಿ ಮುಚ್ಚಿಸೋದೇ. ಅದಕ್ಕೆ ‘ಎಚ್ಚರ’ ಅನ್ನೋ ಒಳ್ಳೆಯ ಹೆಸರು ಕೊಡಲು ನಾನು ಸಿದ್ಧನಿಲ್ಲ.

ನನ್ನ ಪ್ರಶ್ನೆಗಳು ಇಷ್ಟೇ. ‘ನುಡಿಯೆಚ್ಚರ’ ನಿಮ್ಮ ಕಿವಿಗೆ ‘ಹುಷಾರ್!’ ಅನ್ನೋ ಬೆದರಿಕೆಯಂತೆ ಕೇಳುತ್ತದಾ? ಅಭ್ಯರ್ಥಿಯ ವಾಕ್ಯಕ್ಕೆ ‘ನಾನು ನಾಲಿಗೆಗೆ ಬೇಲಿ ಹಾಕಿಕೊಂಡು ಮಾತಾಡೋನಲ್ಲ’ ಎಂದು ಬಿಡಿಸಿ ಬರೆದರೆ ಸಾಕಾ? ಇನ್ನೊಂದು: ಅಡ್ಡಹೆಸರನ್ನು ಅವರವರೇ ಹೆಮ್ಮೆಯಿಂದ ಹೇಳಿಕೊಳ್ಳುವುದಕ್ಕೆ, ಆ ಹಿರಿಯರು ಮಾಡಿದರಲ್ಲ ಅದಕ್ಕೆ, ನಿಮ್ಮ ಕಡೆಯ ಆಡುಮಾತಿನಲ್ಲಿ ಯಾವುದಾದರೂ ಪದ ಇದ್ದರೆ ದಯವಿಟ್ಟು ತಿಳಿಸಿ.