ಮಣ್ಣು, ಮರಳು, ಕಲ್ಲಲ್ಲಿ ಏನಾದ್ರೂ ಮಾಡಿ ಫೋಟೋ ತೆಗೆಯೋರು ಇದೀರಾ? ಅನುಭವ ಹೇಳಿ

ರಜೆ ಅಂತ ಮಗಳ ಜೊತೆ ಹೊಳೆ ದಂಡೇಲಿ ಕೂತು ಮಣ್ಣಲ್ಲಿ ಆಮೆ, ಮೊಸಳೆ, ಗೋಪುರ ಅಂತ ಏನೇನೋ ಮಾಡ್ತಿದೀವಿ. ಎದುರಿಗೆ ಚೆನ್ನಾಗಿ ಕಾಣತ್ತೆ, ಫೋಟೋದಲ್ಲಿ ಮಾತ್ರ ಮಣ್ಣಿನ ಗುಡ್ಡೆ. ಸಂಜೆ ಹೊತ್ತಿಗೆ ಬಿರುಕು ಬೇರೆ. ಗೊತ್ತಿರೋರು ಹೇಳಿ ಪ್ಲೀಸ್.

ಧಾರವಾಡ ಕಡೆಯವ
ನಮ್ಮ ಕಡೆ ಮಣ್ಣೆತ್ತಿನ ಅಮಾಸಿಗೆ ಎರಿ ಮಣ್ಣಾಗ ಎತ್ತು ಮಾಡ್ತೀವ್ರಿ. ಎರಿ ಮಣ್ಣು ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ, ಬಿರಕು ಬಿಡೂದು ಅದಕ್ಕ. ಒಂದ್ ವರ್ಷ ಲಗೂನ ಒಣಗಲಿ ಅಂತ ಬಿಸಲಾಗ ಇಟ್ಟೆ, ಎರಡೂ ಎತ್ತಿನ ಕೋಡು ಉದುರಿದ್ವು, ಅವ್ವನ ಕಡೆ ಬೈಸ್ಕೊಂಡೆ. ಆಕಿ ಹೇಳಿದ್ದು ಇಷ್ಟ: ಮಣ್ಣಿಗೆ ಒಂದೀಟು ಉಸುಕು ಕಲಸು, ಚೊಲೋತ್ನಂಗ ನಾದು, ರಾತ್ರಿ ಹಸಿ ಅರಬಿ ಮುಚ್ಚಿ ಇಡು, ಕೋಡಿನೊಳಗ ಕಡ್ಡಿ ಚುಚ್ಚು, ಕೂಡಿಸೂ ಜಾಗಾ ಎರಡೂ ಕಡೆ ಗೀರಿ ತೆಳ್ಳಗ ಕಲಸಿದ ಮಣ್ಣು ಹಚ್ಚು, ನೆಳ್ಳಾಗ ಒಣಗಿಸು. ಫೋಟೋ ಹಸಿ ಇದ್ದಾಗ ತಗೀರಿ, ಒಣಗಿದ ಮ್ಯಾಲೆ ಆ ಕರೀ ಬಣ್ಣ ಸಿಗಂಗಿಲ್ಲ.

ಉಡುಪಿ
ನಂದು ಮಲ್ಪೆ ಮರಳು. ಒಣ ಮರಳು ನಿಲ್ಲಲ್ಲ, ನೀರು ಜಾಸ್ತಿಯಾದ್ರೂ ನಿಲ್ಲಲ್ಲ, ಕಣಗಳ ಮಧ್ಯೆ ಒಂಚೂರು ಪಸೆ ಇದ್ರೆ ಮಾತ್ರ ಅಂಟಿಕೊಳ್ಳೋದು. ತಳ ಕತ್ತರಿಸಿದ ಬಕೆಟ್ಟಿಗೆ ಪದರ ಪದರವಾಗಿ ತುಂಬಿ ಗುದ್ದಿ, ಬಕೆಟ್ ಮೇಲಕ್ಕೆ ಎಳೆದು, ಆಮೇಲೆ ಮೇಲಿಂದ ಕೆಳಕ್ಕೆ ಕೆತ್ತುತ್ತಾ ಬನ್ನಿ. ಕೆಳಗಿಂದ ಶುರು ಮಾಡಿದ್ರೆ ಮೇಲಿನ ಮರಳೆಲ್ಲ ಕೆತ್ತಿದ್ದರ ಮೇಲೇ ಬೀಳ್ತದೆ ಮಾರ್ರೆ. ಸ್ಪ್ರೇ ಬಾಟಲಿ ಕೈಯಲ್ಲೇ ಇರಲಿ. ಸಮುದ್ರದ ನೀರು ಇಳಿಯೋಕೆ ಶುರುವಾದಾಗ ಕೂತ್ರೆ ಮತ್ತೆ ಪೂರ್ತಿ ಏರೋಕೆ ಸುಮಾರು 12 ಗಂಟೆ.

ನಿಮ್ಮ ಗುಡ್ಡೆ ಸಮಸ್ಯೆ ಮಾತ್ರ ಬೆಳಕಿಂದೇ ಇರಬೇಕು. ನಡು ಮಧ್ಯಾಹ್ನ ನೆತ್ತಿ ಮೇಲಿನ ಬಿಸಿಲಲ್ಲಿ ಉಬ್ಬು ತಗ್ಗಿಗೆ ನೆರಳೇ ಬೀಳಲ್ಲ, ಎಲ್ಲ ಚಪ್ಪಟೆ. ಬೆಳಿಗ್ಗೆ ಬೇಗ ಇಲ್ಲಾ ಸಂಜೆ ಐದೂವರೆ ಮೇಲೆ, ಬಿಸಿಲು ಪಕ್ಕದಿಂದ ಬೀಳೋ ಹಾಗೆ ನಿಂತು, ಅಲ್ಲ ನಿಂತಲ್ಲ, ಮಲಗಿ. ಫೋನು ಮರಳಿಗೆ ತಾಗೋವಷ್ಟು ಕೆಳಗೆ ಹಿಡಿದ್ರೆ ಒಂದಡಿ ಗೋಪುರಾನೂ ದೇವಸ್ಥಾನದ ಥರ ಕಾಣತ್ತೆ, ಹಿಂದೆ ಚಪ್ಪಲಿ, ನೀರಿನ ಬಾಟಲಿ ಇಲ್ಲ ಅಂತ ನೋಡ್ಕೊಳ್ಳಿ ಅಷ್ಟೇ.

ಬೆಂಗಳೂರು
ನಾನು ಕಲ್ಲು ಪೇರಿಸೋನು. ಹಂಪಿಲಿ ಮನೆ ಕಟ್ಟೋ ಹರಕೆ ಅಂತ ಜನ ಪುಟ್ಟ ಪುಟ್ಟ ಕಲ್ಲು ಪೇರಿಸಿಟ್ಟಿರ್ತಾರಲ್ಲ, ಅದನ್ನ ನೋಡಿ ಹುಚ್ಚು ಹಿಡೀತು. ಅಲ್ಲೇ ಮಂಟಪದ ಪಕ್ಕ ಬಿದ್ದಿದ್ದ ಕಲ್ಲು ಎತ್ತೋಕೆ ಹೋಗಿ ಗಾರ್ಡ್ ಹತ್ರ ಉಗಿಸ್ಕೊಂಡೆ, ಸರಿಯಾಗೇ ಉಗಿದ್ರು, ಸ್ಮಾರಕದ ಕಲ್ಲು ಮುಟ್ಟಬಾರದು. ಹೊಳೇಲೂ ನೀರೊಳಗಿನ ಕಲ್ಲು ಬಿಡಿ, ಅಡೀಲಿ ಏಡಿ, ಹುಳ ಮನೆ ಮಾಡ್ಕೊಂಡಿರತ್ತೆ. ದಡದಲ್ಲಿ ಒಣಗಿರೋದೇ ಸಾಕು, ಫೋಟೋ ಆದ್ಮೇಲೆ ಇಳಿಸಿಟ್ಟು ಬನ್ನಿ.

1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಅನ್ನೋ ಕಲಾವಿದರು ಹುಲ್ಲುಗಾವಲಲ್ಲಿ ಹೋಗಿ ಬಂದು ಹೋಗಿ ಬಂದು ಒಂದು ಗೆರೆ ಮೂಡಿಸಿ ಫೋಟೋ ತೆಗೆದ್ರು, ಹುಲ್ಲು ಎದ್ದು ನಿಂತಿರತ್ತೆ, ಫೋಟೋ ಇವತ್ತಿಗೂ ಇದೆ. ಹಂಗಾಗಿ ಬಿರುಕು ಬಿಡ್ತು ಅಂತ ಬೇಜಾರಾಗೋ ಬದಲು ಒಂದೇ ಜಾಗದಲ್ಲಿ ಫೋನಿಟ್ಟು ಗಂಟೆಗೊಂದು ತೆಗೀರಿ, ಕುಸಿಯೋದೂ ಸೇರಿ.

ಕೇಳಿದವಳು
ಥ್ಯಾಂಕ್ಸ್ ಎಲ್ರಿಗೂ. ನಾವು ತೆಗೆದಿದ್ದೆಲ್ಲ ಊಟ ಆದ್ಮೇಲೆ, ಮಧ್ಯಾಹ್ನ ಒಂದೂವರೆಗೆ 😅 ನಾಳೆ ಆರೂವರೆಗೆ ಹೊರಡೋಣ ಅಂದಿದ್ದಕ್ಕೆ ಮಗಳು ಮೊಸಳೆಗೂ ನಿದ್ದೆ ಬೇಕಮ್ಮ ಅಂತಿದಾಳೆ.