ಲಿಯೊನಾರ್ಡ್ ಖರೇ ದೊಡ್ಡ ಬಾಕ್ಸರ್ರೋ, ಬರೇ ಲೆಕ್ಕದ ಮನುಷ್ಯಾನೋ?

ಆಳಂದ_ನಾಕಾ: ಶುಗರ್ ರೇ ಲಿಯೊನಾರ್ಡ್ ಅಂದ್ರ ಎಲ್ಲಾರೂ ಕೈ ಮುಗೀತಾರ, ನಂಗ ಪಟಾಯ್ಸಂಗಿಲ್ಲ. 1980 ಜೂನ್‌ದಾಗ ಮಾಂಟ್ರಿಯಲ್‌ನಾಗ ಬಾಕ್ಸರ್ ರಾಬರ್ಟೊ ಡುರಾನ್ ಕೈಲಿ ಸೋತ, ಡುರಾನ್ ಗೆದ್ದ ಖುಷಿಯಾಗ ತಿಂದು ಕುಡಿದು ಊದ್ಕೊಂಡ, ಇಂವ ಅದೇ ನೋಡಿ ಐದೇ ತಿಂಗಳಿಗೆ ರಿಮ್ಯಾಚ್ ಇಡಿಸಿದ. ಚಾಂಪಿಯನ್ ಮಾರ್ವಿನ್ ಹ್ಯಾಗ್ಲರ್ ಜೋಡಿನೂ ಅದೇ ಆಟ, ಅವನ ಕಾಲು ಭಾರ ಆಗೋತನಕ ಕಾದು 1987ಕ್ಕ ರಿಂಗಿಗಿ ಇಳದ.

ಜೇವರ್ಗಿ_ಹುಡುಗ: ಅಣ್ಣಾ 1981ರ ವೆಲ್ಟರ್‌ವೇಟ್ ಫೈಟ್ ಎಲ್ಲಿ ಮುಚ್ಚಿಟ್ರಿ? ಎದುರಿಗಿದ್ದ ಟಾಮಿ ಹರ್ನ್ಸ್ ಆಗ ಒಂದೂ ಸೋತಿರ್ಲಿಲ್ಲ, ಉದ್ದನ ಕೈ, ಬಲಗೈ ಬಿತ್ತಂದ್ರ ಖೇಲ್ ಖತಂ. ಲಿಯೊನಾರ್ಡಂದು ಎಡಗಣ್ಣು ಬಾತು ಮುಚ್ಚಲಕ್ಕತ್ತಿತ್ತು, ಮೂರೂ ಜಡ್ಜ್‌ಗಳ ಕಾರ್ಡಿನ್ಯಾಗ ಹಿಂದಿದ್ದ. 12ನೇ ರೌಂಡ್ ಆದ್ಮ್ಯಾಲ ಟ್ರೇನರ್ ಏಂಜೆಲೊ ಡಂಡಿ ಮೂಲ್ಯಾಗ ಕೂಡಿಸಿ ಫೈಟ್ ಕೈಬಿಟ್ಟು ಹೊಂಟದ ಮಗನ ಅಂತ ಬೈದ, ಎದ್ದು ಹೋಗಿ 13ರಾಗ ಹರ್ನ್ಸ್‌ನ ಹಗ್ಗಕ್ಕ ಹಾಕಿ ಬಡದ, 14ರಾಗ ರೆಫ್ರೀನೇ ನಿಲ್ಲಿಸ್ಬೇಕಾಯ್ತು. ಅಲ್ಲೇನು ಲೆಕ್ಕ ಇತ್ರೀ?

ತೊಗರಿ_ಕಟ್ಟಿ: ವೆಲ್ಟರ್‌ವೇಟ್ ಅಂದ್ರ ಎಷ್ಟು ತೂಕ?

ಶಹಾಪುರ_ಮಾಸ್ತರ್: 147 ಪೌಂಡ್ ತಂಗಿ, 66 ಕಿಲೋ ಮ್ಯಾಲ ಸ್ವಲ್ಪ. ಇನ್ನ ಲೆಕ್ಕದ ಮಾತಿಗಿ ಬಂದ್ರ, ಇಂವ ಮೊದಲಿಂದನೂ ಲೆಕ್ಕದವನೇ, ಅದರಾಗೇನು ತಪ್ಪು? 1976 ಒಲಿಂಪಿಕ್ಸ್ ಬಂಗಾರ ಗೆದ್ದು ಬಂದ, ಬಾಕ್ಸಿಂಗ್ ಸಾಕು ಅಂದಿದ್ದ, ಮನ್ಯಾಗ ಅಪ್ಪಗ ಆರಾಮಿಲ್ಲ, ರೊಕ್ಕ ಬೇಕಾಯ್ತು. ದೊಡ್ಡ ಪ್ರಮೋಟರ್ ಕೈಗಿ ತನ್ನ ಕರಿಯರ್ ಕೊಡ್ಲಿಲ್ಲ, ವಕೀಲ ಮೈಕ್ ಟ್ರೇನರ್ (ಟ್ರೇನರ್ ಅನ್ನೋದು ಅವನ ಅಡ್ಡಹೆಸರು) ಪರಿಚಯದವರ ಕಡಿಂದ ಸಾಲ ಎತ್ತಿಸಿ ಕೊಟ್ಟ, ಅದನ್ನ ತೀರಿಸಿ ತನ್ನ ದುಡ್ಡಿಗಿ ತಾನೇ ಮಾಲೀಕ ಆದ. ಎಷ್ಟೋ ಬಾಕ್ಸರ್‌ಗಳು ಹೊಡ್ತಾ ತಿಂದು ಕಡೀಕ ಕೈ ಖಾಲಿ ಮಾಡ್ಕೊಂಡ್ರು ನೋಡ್ರಿ.

ಬೀದರ್_ಕೋಟೆ: ನಮ್ಮ ಜಾತ್ರಿ ಕುಸ್ತ್ಯಾಗ ಬೆಳ್ಳಿ ಕಡಗದ ಜೋಡಿ ಹಚ್ಚುವಾಗ ಪೈಲ್ವಾನ್ರು ಎಷ್ಟು ಹೊತ್ತು ಚೌಕಾಶಿ ಮಾಡ್ತಾರ ನೋಡಿರಿಲ್ಲೋ? ಹ್ಯಾಗ್ಲರ್ ಜೋಡಿ ಆಗಿದ್ದೂ ಅದೇ. 15ರ ಬದ್ಲಿ 12 ರೌಂಡ್, 20 ಫೂಟಿನ ದೊಡ್ಡ ರಿಂಗ್, 10 ಔನ್ಸ್ ಗ್ಲೌಸ್, ಎಲ್ಲಾ ಲಿಯೊನಾರ್ಡ್ ಕೇಳಿದ್ದು. ಹ್ಯಾಗ್ಲರ್ ರೊಕ್ಕ ಜಾಸ್ತಿ ತಗೊಂಡು ಹ್ಞೂಂ ಅಂದ. ಸಹಿ ಹಾಕಿದ ಮ್ಯಾಲ ಅಳೋದ್ಯಾಕ?

ಆಳಂದ_ನಾಕಾ: ಕರಾರು ಬಿಡ್ರಿ, ಸ್ಕೋರ್ ಹೇಳ್ರಿ! ಒಬ್ಬ ಜಡ್ಜ್ 115-113 ಹ್ಯಾಗ್ಲರ್‌ಗ, ಒಬ್ಬಂವ 115-113 ಲಿಯೊನಾರ್ಡ್‌ಗ, ಮೂರನೇದಂವ 118-110 ಲಿಯೊನಾರ್ಡ್‌ಗ ಅಂತ. 118-110 ಅಂದ್ರ ಹ್ಯಾಗ್ಲರ್ ಎರಡೇ ರೌಂಡ್ ಗೆದ್ದಂಗ, ಆ ಮನುಷ್ಯಾ ಯಾವ ಫೈಟ್ ನೋಡ್ಲಕ್ಕತ್ತಿದ್ದ? ರೌಂಡಿನ ಕಡೀ ಅರ್ಧ ನಿಮಿಷ ಪಟಪಟ ಹೊಡೆದು ಜಡ್ಜ್ ಕಣ್ಣಿಗಿ ಬೀಳೋದು, ಅಷ್ಟೇ.

ಜೇವರ್ಗಿ_ಹುಡುಗ: 118-110 ಕಚಡಾ ಸ್ಕೋರ್, ಒಪ್ದೆ. ಆದ್ರ ಮೊದಲ ರೌಂಡ್‌ಗಳು ಹ್ಯಾಗ್ಲರ್ ತಾನಾಗೇ ಕೊಟ್ಟ ಅಲ್ರೀ, ಎಡಚ ಆದಂವ ಬಲಗೈ ಬಾಕ್ಸರ್ ಹಂಗ ನಿಂತ. ಮತ್ತ 11 ವರ್ಷ ಸೋಲೇ ಕಾಣದಂವನ ಮುಂದ ಮೂರು ವರ್ಷ ರಿಂಗೇ ಹತ್ತದಂವ, 1982ರಾಗ ಕಣ್ಣಿನ ರೆಟಿನಾ ಆಪರೇಷನ್ ಆದಂವ ನಿಂತಾನ, ಇದು ಹೆದರಿದಂವ ಮಾಡೋ ಕೆಲ್ಸ ಏನು.

ತೊಗರಿ_ಕಟ್ಟಿ: ಕಣ್ಣು ಕೆಟ್ಟಿದ್ದಂವ ಮತ್ತ ಯಾಕ ಹೋದ?

ಶಹಾಪುರ_ಮಾಸ್ತರ್: ಅದೇ ಅವನ ರೋಗ ತಂಗಿ, ಬಿಡೋದು ಬರೋದು ಬಿಡೋದು ಬರೋದು. 1991ರಾಗ ಟೆರ್ರಿ ನಾರಿಸ್ ಎರಡು ಸಲ ಕೆಡವಿದ, ಅಷ್ಟಾದ್ರೂ 40 ವಯಸ್ಸಿಗಿ 1997ರಾಗ ಕಮಾಚೋ ಮುಂದ ಹೋಗಿ ಐದು ರೌಂಡಿನ್ಯಾಗ ಮುಗದ. ಲೆಕ್ಕದ ಮನುಷ್ಯಾ ಅಂತೀರಲ್ಲ ನಾಕಾ ಅವರೇ, ಯಾವಾಗ ಬಿಡ್ಬೇಕು ಅನ್ನೋ ಲೆಕ್ಕ ಬರ್ತಿದ್ರ ಹ್ಯಾಗ್ಲರ್ ಫೈಟ್ ಆದ ರಾತ್ರೀನೇ ನಿಲ್ಲಿಸ್ತಿದ್ದ. ನಿಲ್ಲಿಸಿದಂವ ಹ್ಯಾಗ್ಲರ್, ಸೋತು ಸಿಟ್ಟಿಲೆ ಇಟಲಿಗಿ ಹೋಗಿ ಸಿನಿಮಾ ಮಾಡ್ಕೊಂಡಿದ್ದ, ಮತ್ತ ಗ್ಲೌಸ್ ಮುಟ್ಲಿಲ್ಲ.

ಆಳಂದ_ನಾಕಾ: ಮಾಸ್ತರ್, ಅದು ಖರೆ. ಆದ್ರ 1989ರ ಹರ್ನ್ಸ್ ಡ್ರಾ ಮಾತ್ರ ಯಾರೂ ನಂಗ ಸಮರ್ಥನಿ ಮಾಡಬ್ಯಾಡ್ರಿ, ಲಿಯೊನಾರ್ಡ್ ಎರಡು ಸಲ ನೆಲಕ್ಕ ಬಿದ್ದಾನ, ಹರ್ನ್ಸ್ ಗೆದ್ದಿದ್ದ ಅಂತ ಅಂವನೇ ಆಮ್ಯಾಲ ಒಪ್ಕೊಂಡಾನ.

ಬೀದರ್_ಕೋಟೆ: ಅದಕ್ಕ ಇಲ್ಲಿ ಯಾರದೂ ತಕರಾರಿಲ್ಲ. ಹ್ಯಾಗ್ಲರ್ ಫೈಟಿಂದು 9ನೇ ರೌಂಡ್ ಇನ್ನೊಮ್ಮೆ ನೋಡಿ ಬರ್ರಿ, ಆಮ್ಯಾಲ ಜಗಳ ಆಡೋಣ.